ಗುಳೆ ಬಂದವರ ಜೊತೆ ಕೂತು ಕೌದಿ ಹೊಲಿಯುವುದು: ಜನರೊಂದಿಗೆ ಕಲೆ ಮಾಡುವವರಿಗೆ ಮಾರ್ಗದರ್ಶಿ

ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ಇಲ್ಲವಾದಾಗ ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮನೆಯವರು ಕೂಲಿ ಹುಡುಕಿಕೊಂಡು ಊರು ಬಿಡುತ್ತಾರೆ, ಅದೇ ಗುಳೆ. ಕೆಲವರು ಕಬ್ಬು ಕಡಿಯಲು ಹೋಗುತ್ತಾರೆ. ಕೆಲವರು ಗೋವಾ, ಪುಣೆ, ಮುಂಬೈ ಕಡೆ. ಬಹಳಷ್ಟು ಜನ ಬೆಂಗಳೂರಿಗೆ ಬರುತ್ತಾರೆ. ಅಪಾರ್ಟ್‌ಮೆಂಟ್ ಏಳುವ ಜಾಗದ ಪಕ್ಕದಲ್ಲೇ ತಗಡಿನ ಶೆಡ್ಡು, ನೀಲಿ ತಾಡಪಾಲಿನ ಗುಡಿಸಲು. ಹೊತ್ತು ತಂದ ಗಂಟಿನಲ್ಲಿ ಜೋಳದ ಹಿಟ್ಟು, ಖಾರ, ಪಾತ್ರೆ, ಹೊದೆಯಲು ಒಂದು ಕೌದಿ.

ಕಲೆ ಕಲಿತವರು, ನಾಟಕದವರು, ಫೋಟೊ ತೆಗೆಯುವವರು ಈ ಜಾಗಗಳಿಗೆ ಬರುತ್ತಲೇ ಇರುತ್ತಾರೆ. ವಲಸೆ, ಗುರುತು, 'ಇದು ನಮ್ಮೂರು' ಅನ್ನಿಸುವ ಭಾವ, ಇವುಗಳ ಬಗ್ಗೆ ಏನಾದರೂ ಮಾಡಬೇಕೆಂಬ ಆಸೆ ಒಳ್ಳೆಯದೇ. ಆದರೆ ಬಹಳಷ್ಟು ಕೆಲಸ ಸಿಮೆಂಟ್ ಮೆತ್ತಿದ ಕೈಗಳ ಕಪ್ಪು-ಬಿಳುಪು ಫೋಟೊಗೆ ಬಂದು ನಿಂತುಬಿಡುತ್ತದೆ. ಆ ಫೋಟೊ ಗ್ಯಾಲರಿಗೆ ಹೋಗುತ್ತದೆ, ಕೈಯ ಒಡತಿಗೆ ಅದು ಗೊತ್ತೇ ಇರುವುದಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಹಾಗಾಗಿ ಈ ಮಾರ್ಗದರ್ಶಿ. ಶೆಡ್ಡಿನ ಹೆಂಗಸರ ಜೊತೆ ಕೂತು ಒಂದು ಕೌದಿ ಹೊಲಿಯುವ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಕೌದಿ ಯಾಕೆ? ಅದರ ಸಾಮಾನು ಅವರ ಬಳಿಯೇ ಇದೆ: ಹಳೆ ಸೀರೆ, ಹರಿದ ಅಂಗಿ, ಸೂಜಿ, ದಾರ. ವಿದ್ಯೆಯೂ ಅವರ ಬಳಿಯೇ ಇದೆ. ಅಲ್ಲಿ ಕಲಿಯಬೇಕಾದವರು ನೀವು. ಜನರೊಂದಿಗೆ ಮಾಡುವ ಕಲೆಗೆ ಇದಕ್ಕಿಂತ ಒಳ್ಳೆಯ ಶುರು ಬೇರೆ ಸಿಗುವುದು ಕಷ್ಟ.

ಹೊರಡುವ ಮೊದಲು

ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಇದು ನನಗೆ ಯಾಕೆ ಬೇಕು? ಅವರಿಗೆ ಇದರಿಂದ ಏನು ಸಿಗುತ್ತದೆ? ಅವರು 'ಬೇಡ' ಅಂದರೆ ನಾನು ಏನು ಮಾಡುತ್ತೇನೆ? ಮೂರನೆಯದಕ್ಕೆ 'ವಾಪಸ್ ಬರುತ್ತೇನೆ' ಎಂದು ಬರೆಯಲು ಆಗದಿದ್ದರೆ ಇನ್ನೂ ಹೊರಡಬೇಡಿ.

ನಿಮ್ಮ ಮನೆಯ ಕತೆಯನ್ನೂ ಬರೆದುಕೊಳ್ಳಿ. ನಿಮ್ಮ ಅಜ್ಜ ಎಲ್ಲಿಂದ ಬಂದರು? ನಿಮ್ಮ ಅಮ್ಮ ತವರು ಬಿಟ್ಟಿದ್ದು ಯಾವ ವಯಸ್ಸಿಗೆ? 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಹುಟ್ಟಿದ ಅಥವಾ ಹಿಂದೆ ವಾಸವಿದ್ದ ಊರು ಬಿಟ್ಟು ಬೇರೆ ಕಡೆ ಇರುವವರು 45 ಕೋಟಿಗೂ ಹೆಚ್ಚು. ಊರು ಬಿಡಲು ಅತಿ ದೊಡ್ಡ ಕಾರಣ ಮದುವೆ. ಅಂದರೆ ಶೆಡ್ಡಿನಲ್ಲಿ ಕೂತ ಹೆಂಗಸು ಎರಡು ಸಲ ಊರು ಬಿಟ್ಟಿರುತ್ತಾಳೆ. ಗಂಡನ ಮನೆಗೆ ಒಮ್ಮೆ, ದುಡಿಮೆಗೆ ಇನ್ನೊಮ್ಮೆ. ಇದು ಗೊತ್ತಿದ್ದರೆ ನಿಮ್ಮ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಬೇರೆಯವರು ಏನು ಮಾಡಿದ್ದಾರೆ ಎಂದು ಸ್ವಲ್ಪ ನೋಡಿ

ಜಾಸ್ತಿ ಓದುವುದು ಬೇಡ. ನಾಲ್ಕು ಉದಾಹರಣೆ ಸಾಕು.

ಮೊದಲನೆಯದು ನಮ್ಮದೇ ಉತ್ತರ ಕನ್ನಡದ ಸಿದ್ದಿಯರ ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಬಹಳ ಜನ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಆಡುತ್ತಾರೆ. ಅವರ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೆಲವರ ಕೌದಿಯಲ್ಲಿ ಶಿಲುಬೆ ಕಾಣುತ್ತದೆ, ಕೆಲವರದ್ದರಲ್ಲಿ ಅರ್ಧಚಂದ್ರ. ಕೊನೆಗೆ ಮೂಲೆಗಳಲ್ಲಿ ಬಟ್ಟೆ ಮಡಚಿ 'ಫುಲಾ' ಇಡುತ್ತಾರೆ. ಫುಲಾ ಇಲ್ಲದೆ ಕೌದಿ ಮುಗಿಯುವುದಿಲ್ಲ. ಎಲ್ಲಿಂದ ಬಂದೆವು, ಈಗ ಯಾರು ಎಂಬ ಪ್ರಶ್ನೆಗೆ ಯಾವ ಕಲಾವಿದರೂ ಹೋಗಿ ಹೇಳಿಕೊಡದೆ ಅವರೇ ಕಟ್ಟಿಕೊಂಡ ಉತ್ತರ ಅದು.

ಎರಡನೆಯದು ಚಿಲಿ ದೇಶದ್ದು. 1973ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ಮೇಲೆ ಸಾವಿರಾರು ಜನರನ್ನು ಹಿಡಿದೊಯ್ದರು, ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಅವರ ತಾಯಂದಿರು, ಹೆಂಡಂದಿರು ಚಿಂದಿ ಬಟ್ಟೆಯಲ್ಲಿ ಚಿತ್ರ ಹೊಲಿದರು. ಅವುಗಳಿಗೆ ಅರ್ಪಿಯೆರಾ ಅನ್ನುತ್ತಾರೆ. ಚರ್ಚಿನ ಆಶ್ರಯದಲ್ಲಿ ಒಟ್ಟಿಗೆ ಕೂತು ಹೊಲಿಯುತ್ತಿದ್ದರು, ಅವು ದೇಶದ ಹೊರಗೆ ಮಾರಾಟವಾಗುತ್ತಿದ್ದವು, ಬಂದ ದುಡ್ಡು ಮನೆ ನಡೆಸಲು ಸಹಾಯವಾಗುತ್ತಿತ್ತು. ಬಹಳಷ್ಟು ಬಟ್ಟೆಗಳ ಮೇಲೆ ಹೊಲಿದವರ ಹೆಸರಿಲ್ಲ. ಹೆಸರು ಇಲ್ಲದಿರುವುದೇ ಅವರಿಗೆ ರಕ್ಷಣೆಯಾಗಿತ್ತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಮೂರನೆಯದು ಅಮೆರಿಕದಲ್ಲಿ ಏಡ್ಸ್ ರೋಗದಿಂದ ತೀರಿಕೊಂಡವರ ನೆನಪಿನ ಕೌದಿ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಅದನ್ನು ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಪ್ರತಿ ತುಂಡಿನ ಅಳತೆ 3 ಅಡಿ, 6 ಅಡಿ. ಅಳತೆ ಒಂದನ್ನು ಗಟ್ಟಿಯಾಗಿ ಹಿಡಿದು ಉಳಿದಿದ್ದನ್ನೆಲ್ಲ ಹೊಲಿಯುವವರಿಗೇ ಬಿಟ್ಟಿದ್ದರಿಂದ ಯಾರು ಬೇಕಾದರೂ ಸೇರಬಹುದಾಗಿತ್ತು.

ನಾಲ್ಕನೆಯದು ಛತ್ತೀಸಗಡದ ಬಸ್ತರ್‌ನಲ್ಲಿ ಕಲಾವಿದೆ ನವಜೋತ್ ಅಲ್ತಾಫ್ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ವರ್ಷಗಟ್ಟಲೆ ಮಾಡಿದ ಕೆಲಸ. ಬೋರ್‌ವೆಲ್ ಕೈಪಂಪುಗಳ ಸುತ್ತ ಅವರು ಕಟ್ಟಿದ್ದು ನೋಡಲು ಶಿಲ್ಪ. ಜೊತೆಗೆ ಹೆಂಗಸರು ಕೊಡ ಇಟ್ಟು ಎತ್ತಿಕೊಳ್ಳಲು ಅನುಕೂಲವಾದ ಕಟ್ಟೆ. ಅಲ್ಲಿ ಕಲೆ ದಿನವೂ ಉಪಯೋಗಕ್ಕೆ ಬರುತ್ತದೆ.

ಶೆಡ್ಡಿಗೆ ಹೋಗುವ ದಾರಿ

ಇಲ್ಲಿ ತಪ್ಪು ಹೆಜ್ಜೆ ಇಟ್ಟರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಸುಲಭದ ದಾರಿ ಗುತ್ತಿಗೆದಾರ ಅಥವಾ ಮೇಸ್ತ್ರಿ. ಅವರಿಗೆ ಹೇಳಿದರೆ ಹತ್ತು ನಿಮಿಷದಲ್ಲಿ ಇಪ್ಪತ್ತು ಜನರನ್ನು ಕೂರಿಸುತ್ತಾರೆ. ಆದರೆ ಹಾಗೆ ಕೂತವರು ಬಾಯಿ ಬಿಡುವುದಿಲ್ಲ. ಬಹಳ ಜನ ಊರಲ್ಲೇ ಅಡ್ವಾನ್ಸ್ ತೆಗೆದುಕೊಂಡು ಬಂದಿರುತ್ತಾರೆ. ಆ ಸಾಲ ತೀರುವವರೆಗೆ ಮೇಸ್ತ್ರಿಯ ಮಾತು ಮೀರುವ ಹಾಗಿಲ್ಲ. ಮೇಸ್ತ್ರಿ ಹೇಳಿದ ಅಂತ ಹೊಲಿಯಲು ಕೂತರೆ ಅದೂ ಒಂದು ಬಿಟ್ಟಿ ಕೆಲಸ.

ಇನ್ನೊಂದು ದಾರಿ ನಿಧಾನದ್ದು. ಹತ್ತಿರದ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಟೆಂಟ್ ಶಾಲೆಯ ಟೀಚರ್, ಕಟ್ಟಡ ಕಾರ್ಮಿಕರ ಸಂಘದವರು, ಇವರಲ್ಲಿ ಯಾರಾದರೊಬ್ಬರ ಜೊತೆ ಹೋಗಿ. ಮೊದಲ ಕೆಲವು ಭಾನುವಾರ ಸುಮ್ನೆ ಹೋಗಿ ಬನ್ನಿ. ಕ್ಯಾಮೆರಾ ಬೇಡ, ನೋಟ್‌ಬುಕ್ ಬೇಡ. ಮೇಸ್ತ್ರಿಗೆ ಗೊತ್ತಿಲ್ಲದ ಹಾಗೆ ಕದ್ದು ಹೋಗುವುದೂ ಸರಿಯಲ್ಲ. ನೀವು ಹೋದ ಮೇಲೆ ಬೈಸಿಕೊಳ್ಳುವವರು ಶೆಡ್ಡಿನವರು. ಆದ್ದರಿಂದ ಮೇಸ್ತ್ರಿಗೂ ನೇರವಾಗಿ ಹೇಳಿ: ಭಾನುವಾರ ಮಧ್ಯಾಹ್ನ ಕೌದಿ ಹೊಲಿಯುತ್ತೇವೆ, ಕೆಲಸದ ಹೊತ್ತಿಗೆ ಅಡ್ಡ ಬರುವುದಿಲ್ಲ.

ಹೊತ್ತು ಬಹಳ ಮುಖ್ಯ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವುದು, ತಲೆ ಸ್ನಾನ, ಸಂತೆ. ಹಿಂದಿನ ದಿನ ಬಟವಾಡೆ ಆಗಿದ್ದರೆ ದಿನಸಿ ತರಬೇಕು. ಮಧ್ಯಾಹ್ನ ಎರಡರಿಂದ ನಾಲ್ಕೂವರೆವರೆಗೆ ಸ್ವಲ್ಪ ಬಿಡುವು. ಸಂಜೆಯಾದರೆ ಒಲೆ ಹಚ್ಚಬೇಕು. ವರ್ಷದ ಲೆಕ್ಕವನ್ನೂ ನೋಡಿ. ಸಂಕ್ರಾಂತಿಗೆ ಯಾದಗಿರಿ ಕಡೆಯವರು ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೊರಡುತ್ತಾರೆ. ಯುಗಾದಿಗೆ, ಮೊಹರಂಗೆ, ಪಂಚಮಿಗೆ ಊರು. ಮುಂಗಾರು ಬಿದ್ದರೆ ಬಿತ್ತನೆಗೆ ಊರು. ನಿಮ್ಮ ಯೋಜನೆಗೆ ಅನುದಾನ ಕೊಟ್ಟವರ ಕ್ಯಾಲೆಂಡರ್ ಮಾರ್ಚ್‌ಗೆ ಮುಗಿಯಬಹುದು, ಶೆಡ್ಡಿನವರ ಕ್ಯಾಲೆಂಡರ್ ಹೊಲದ್ದು. ಎರಡರಲ್ಲಿ ಒಂದು ಬಗ್ಗಬೇಕಾದರೆ ನಿಮ್ಮದು ಬಗ್ಗಲಿ.

ಹೆಸರು ಹಿಡಿದು ಕರೆಯುವ ಮೊದಲು ಅವರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ಕೇಳಿಸಿಕೊಳ್ಳಿ. ಅಕ್ಕಾ, ಅವ್ವಾ, ಕಾಕು, ಆಯಿ. ವಯಸ್ಸಿಗೆ ತಕ್ಕ ಹಾಗೆ ನೀವೂ ಅಕ್ಕಾ, ಅವ್ವಾ ಅನ್ನಿ. ಅವರು ನಿಮ್ಮನ್ನು 'ಮೇಡಂ' ಅನ್ನುವುದು ನಿಂತ ದಿನ ಕೆಲಸ ಶುರುವಾಯಿತು ಅಂದುಕೊಳ್ಳಿ.

ಕಷ್ಟ ಹೇಳಿಸಬೇಡಿ

ಇದು ಇಡೀ ಲೇಖನದಲ್ಲಿ ನಾನು ಅತ್ಯಂತ ಒತ್ತಿ ಹೇಳುವ ಹೆಜ್ಜೆ.

'ಊರು ಯಾಕೆ ಬಿಟ್ಟಿರಿ?' 'ಇಲ್ಲಿ ಏನೇನು ತೊಂದರೆ?' ಈ ಪ್ರಶ್ನೆಗಳನ್ನು ಅವರು ಸರ್ವೆಯವರಿಂದ, ಪತ್ರಿಕೆಯವರಿಂದ, ವಿದ್ಯಾರ್ಥಿಗಳಿಂದ ಕೇಳಿ ಕೇಳಿ ದಣಿದಿದ್ದಾರೆ. ಉತ್ತರವೂ ತಯಾರಿದೆ: ಮಳಿ ಇಲ್ರಿ, ಸಾಲ ಆಗೇತ್ರಿ. ಅದು ನಿಜ. ಆದರೆ ಆ ಉತ್ತರದಲ್ಲಿ ಆ ಹೆಂಗಸು ಇರುವುದಿಲ್ಲ. ಯಾರ ಬಾಯಲ್ಲಿ ಬಂದರೂ ಅದು ಒಂದೇ ಉತ್ತರ.

ಬೇರೆ ಪ್ರಶ್ನೆ ಕೇಳಿ. ಈ ಸೀರೆ ಯಾರದ್ದು? ಇದನ್ನು ಉಟ್ಟು ಎಲ್ಲಿಗೆ ಹೋಗಿದ್ರಿ? ನಿಮ್ಮ ಮನೆಯ ಬಾಗಿಲು ಯಾವ ಕಡೆಗೆ? ಬೀಗದ ಕೈ ಯಾರ ಹತ್ತಿರ ಕೊಟ್ಟು ಬಂದಿದ್ದೀರಿ? ಊರಿಂದ ಬರುವಾಗ ಏನು ತಂದ್ರಿ, ಏನು ಬಿಟ್ರಿ? ಈ ಬಿಲ್ಡಿಂಗಿನಲ್ಲಿ ನೀವು ಕಟ್ಟಿದ ಗೋಡೆ ಯಾವುದು? ನಿಮಗೆ ಈ ಊರಲ್ಲಿ ಇಷ್ಟವಾದ ಜಾಗ ಯಾವುದು? ಊರಿಗೆ ಹೋದಾಗ 'ಬೆಂಗಳೂರಿನವರು ಬಂದ್ರು' ಅಂತಾರಾ?

ಬೀಗದ ಕೈಯ ಪ್ರಶ್ನೆ ನೋಡಿ. ಮನೆಯಲ್ಲಿ ಮುದುಕಿ ಇದ್ದಾಳಾ, ಮಕ್ಕಳನ್ನು ಬಿಟ್ಟು ಬಂದಿದ್ದಾರಾ, ಪಕ್ಕದ ಮನೆಯವರ ಜೊತೆ ಹೇಗಿದ್ದಾರೆ, ಎಲ್ಲವೂ ಆ ಒಂದು ಉತ್ತರದಲ್ಲಿ ಬರಬಹುದು. ಹೇಳುವವರು ಎಷ್ಟು ಬೇಕೋ ಅಷ್ಟೇ ಹೇಳಿ ನಿಲ್ಲಿಸಬಹುದು. ಆ ಅವಕಾಶ ಅವರ ಕೈಯಲ್ಲಿರಬೇಕು.

ಭಾಷೆಯ ವಿಷಯ ಒಂದು. ಇವರು ಕನ್ನಡದವರೇ, ಬೆಂಗಳೂರು ಅವರದೇ ರಾಜ್ಯದ ರಾಜಧಾನಿ. ಆದರೂ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅವರ ಮಾತು ಕೇಳಿ ಜನ ನಗುತ್ತಾರೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಬಂದ ಕಾಯ್ದೆಯ ಲೆಕ್ಕಕ್ಕೂ ಇವರು ಬರಲಿಲ್ಲ. ರಾಜ್ಯದ ಗಡಿ ದಾಟಿಲ್ಲವಲ್ಲ! ಜೊತೆಗೆ ಮನೆಯಲ್ಲಿ ಲಂಬಾಣಿ ಆಡುವವರಿದ್ದಾರೆ, ದಖನಿ ಆಡುವವರಿದ್ದಾರೆ, ತೆಲುಗು ಆಡುವವರಿದ್ದಾರೆ. ಅದೇ ಸಾಲಿನ ಶೆಡ್ಡುಗಳಲ್ಲಿ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದವರೂ ಇರುತ್ತಾರೆ. ಕೌದಿಯಲ್ಲಿ ಅಕ್ಷರ ಹೊಲಿಯುವುದಾದರೆ ಅವರ ಮಾತು ಇದ್ದ ಹಾಗೇ ಇರಲಿ. 'ಬಂದೀವಿ' ಅಂದಿದ್ದನ್ನು 'ಬಂದಿದ್ದೇವೆ' ಎಂದು ತಿದ್ದಬೇಡಿ.

ಯಾರಾದರೂ ಮಾತಾಡುತ್ತಾ ಅತ್ತರೆ ಸೂಜಿ ಕೆಳಗಿಡಿ, ರೆಕಾರ್ಡಿಂಗ್ ನಡೆಯುತ್ತಿದ್ದರೆ ನಿಲ್ಲಿಸಿ. ಆ ಕ್ಷಣ ನಿಮ್ಮ ಕಲೆಯ ಸಾಮಗ್ರಿಯಾಗಬಾರದು. ಗುಂಪಿನ ಬೇರೆ ಹೆಂಗಸರಿಗೆ ಏನು ಮಾಡಬೇಕೆಂದು ನಿಮಗಿಂತ ಚೆನ್ನಾಗಿ ಗೊತ್ತು.

ದುಡ್ಡಿನ ಮಾತು ಮೊದಲೇ ಆಗಲಿ

ಕೂಲಿ ಮಾಡುವವರ ಬಿಡುವಿನ ಹೊತ್ತೂ ಹೊತ್ತೇ. ಎರಡೂವರೆ ಗಂಟೆ ಕೂತರೆ ಅರ್ಧ ದಿನದ ಕೂಲಿ ಕೊಡಿ. ಕಲೆಗೆ ದುಡ್ಡು ಕೊಟ್ಟರೆ ಪ್ರೀತಿ ಹಾಳಾಗುತ್ತದೆ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫೋಟೊಗ್ರಾಫರಿಗೆ, ಪ್ರಿಂಟ್ ಹಾಕುವವರಿಗೆ, ಕ್ಯೂರೇಟರಿಗೆ ದುಡ್ಡು ಕೊಟ್ಟು ಹೊಲಿದವರಿಗೆ ಮಾತ್ರ ಚಹಾ ಬಿಸ್ಕತ್ತು ಕೊಡುವುದು ಅನ್ಯಾಯ, ಅಲ್ವಾ?

ಲೆಕ್ಕ ಹೀಗೆ ಹಾಕಿ. 15 ಜನ, 8 ಭಾನುವಾರ. ಅರ್ಧ ದಿನಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ 36,000. ಅಲ್ಲಿನ ಕೂಲಿ ಎಷ್ಟು ಎಂದು ಕೇಳಿ ಈ ಅಂಕಿ ಬದಲಿಸಿಕೊಳ್ಳಿ. ದಾರ, ಸೂಜಿ, ಕತ್ತರಿ, ಅಸ್ತರಿಗೆ ಬೇಕಾದ ಬಟ್ಟೆ, ಚಹಾ, ಮಕ್ಕಳಿಗೆ ಹಣ್ಣು, ನಿಮ್ಮ ಓಡಾಟ ಇವೆಲ್ಲ ಸೇರಿದರೂ ಕೂಲಿಯೇ ಅತಿ ದೊಡ್ಡ ಖರ್ಚಾಗಿರಬೇಕು. ಬಜೆಟ್ಟಿನಲ್ಲಿ ಹಾಗಿಲ್ಲದಿದ್ದರೆ ಎಲ್ಲೋ ತಪ್ಪಿದೆ. ದುಡ್ಡು ಆಯಾ ದಿನವೇ, ಅವರವರ ಕೈಗೇ ಕೊಡಿ. ಗಂಡನ ಕೈಗೆ ಬೇಡ, ಮೇಸ್ತ್ರಿಯ ಕೈಗಂತೂ ಬೇಡವೇ ಬೇಡ.

ಎಷ್ಟು ಕೌದಿ ಎಂಬುದನ್ನೂ ಆಗಲೇ ತೀರ್ಮಾನಿಸಿ. ನನ್ನ ಸಲಹೆ ಎರಡು. ಒಂದು ತೋರಿಸಲು, ಒಂದು ಅಲ್ಲೇ ಹೊದೆಯಲು. ತೋರಿಸುವ ಕೌದಿಯ ಒಡೆತನ ಯಾರದ್ದು, ಮಾರಿದರೆ ಬಂದ ದುಡ್ಡು ಹೇಗೆ ಹಂಚಿಕೆ, ಮಾರಾಟವಾಗದಿದ್ದರೆ ಅದು ಎಲ್ಲಿರುತ್ತದೆ, ಎಲ್ಲವನ್ನೂ ಎಲ್ಲರ ಎದುರು ಓದಿ ಹೇಳಿ, ಒಂದು ಹಾಳೆಯಲ್ಲಿ ಬರೆದು, ಅದರ ಫೋಟೊ ಅವರ ಮೊಬೈಲಿಗೇ ಕಳಿಸಿ.

ಜೊತೆಗೆ ಒಂದು ಮಾಹಿತಿ ಇಟ್ಟುಕೊಂಡು ಹೋಗಿ. ಕಳೆದ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಆ ಮಂಡಳಿಯ ಕಾರ್ಡಿನ ಬಗ್ಗೆ ನಿಮ್ಮನ್ನು ಖಂಡಿತ ಕೇಳುತ್ತಾರೆ. 'ಮಾಡಿಸಿಕೊಡುತ್ತೇನೆ' ಎಂದು ಮಾತು ಕೊಡಬೇಡಿ. ಸಂಘದವರನ್ನು ಒಂದು ಭಾನುವಾರ ಕರೆದುಕೊಂಡು ಬನ್ನಿ, ಸಾಕು.

ಒಪ್ಪಿಗೆ ಅಂದರೆ ಸಹಿ ಮಾತ್ರ ಅಲ್ಲ

ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ನಿಮ್ಮ ಸಂಸ್ಥೆಗೆ ಸಮಾಧಾನವಾಗಬಹುದು. ನಿಜವಾದ ಒಪ್ಪಿಗೆಗೆ ಒಂದೊಂದನ್ನೂ ಬಿಡಿಸಿ ಕೇಳಬೇಕು. 'ಅಕ್ಕಾ, ಈ ತುಂಡನ್ನು ಹೊರಗಿನವರಿಗೆ ತೋರಿಸಬಹುದಾ? ನಿಮ್ಮ ಹೆಸರು ಹಾಕಲಾ, ಬೇಡವಾ? ಊರ ಹೆಸರು? ಮುಖ ಕಾಣುವ ಫೋಟೊ? ದನಿ?' ಒಂದಕ್ಕೆ ಹೂಂ ಅಂದವರು ಇನ್ನೊಂದಕ್ಕೆ ಬೇಡ ಅನ್ನಬಹುದು. ಹಾಗೇ ಬರೆದುಕೊಳ್ಳಿ. ಕೇಳಿದ ದಿನವೇ ಉತ್ತರ ಬೇಕಿಲ್ಲ, ಮುಂದಿನ ವಾರ ಮತ್ತೆ ಕೇಳಿ. 18 ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು, ಮಗುವಿನ ಮನಸ್ಸೂ ಬೇಕು. ಸಂಶಯವಿದ್ದರೆ ಮಕ್ಕಳ ಮುಖ ತೋರಿಸಲೇಬೇಡಿ.

ಶೆಡ್ಡು ಇರುವ ಜಾಗದ ಗುರುತು ಯಾವತ್ತೂ ಹೊರಗೆ ಹಾಕಬೇಡಿ. ಇದು ಅತಿಯಾದ ಭಯ ಅನ್ನಿಸಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಆಗಿದ್ದನ್ನು ನೆನಪಿಸಿಕೊಳ್ಳಿ. ಅಲ್ಲಿನ ಗುಡಿಸಲುಗಳ ವಿಡಿಯೊ ಜಾಲತಾಣದಲ್ಲಿ ಹರಿದಾಡಿತು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಮಾತು ಹಬ್ಬಿತು. ಗುಡಿಸಲುಗಳನ್ನು ಕೆಡವಿದರು. ಅಲ್ಲಿ ಈಶಾನ್ಯ ಭಾರತದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಮೇಲೆ ಹೈಕೋರ್ಟ್ ಆ ಕೆಡವುವಿಕೆ ಕಾನೂನಿಗೆ ವಿರುದ್ಧ ಎಂದಿತು. ಅಷ್ಟರಲ್ಲಿ ಮನೆ ಹೋಗಿತ್ತು. ನಿಮ್ಮ ಒಳ್ಳೆಯ ಉದ್ದೇಶದ ರೀಲ್ಸ್ ಕೂಡ ಇಂಥದ್ದಕ್ಕೆ ದಾರಿಯಾಗಬಹುದು. ಹಿನ್ನೆಲೆಯಲ್ಲಿ ಅಪಾರ್ಟ್‌ಮೆಂಟಿನ ಬೋರ್ಡು ಕಾಣದಿರಲಿ, ಫೋಟೊದ ಲೊಕೇಶನ್ ತೆಗೆದುಹಾಕಿ. ಚಿಲಿಯ ಹೆಂಗಸರು ಹೆಸರು ಹೊಲಿಯದೆ ಬಿಟ್ಟಿದ್ದು ಯಾಕೆಂದು ಇಲ್ಲಿ ಅರ್ಥವಾಗುತ್ತದೆ.

ಹೊಲಿಗೆ

ಈಗ ಕೈಗೆ ಕೆಲಸ.

ಮೊದಲ ಭಾನುವಾರ ಏನನ್ನೂ ಹೊಲಿಯಬೇಡಿ. ಅವರ ಬಳಿ ಇರುವ ಕೌದಿಗಳನ್ನು ಹೊರಗೆ ಹಾಸಿ ನೋಡಿ. ಯಾವ ಬಟ್ಟೆ ಯಾರದ್ದು ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ. ಅಜ್ಜಿಯ ಇಳಕಲ್ ಸೀರೆಯ ಅಂಚು, ಮಗನ ಶಾಲೆಯ ಚಡ್ಡಿ, ಗಂಡನ ಲುಂಗಿ. ಎಷ್ಟೋ ಸಲ ಇಡೀ ಯೋಜನೆಯ ರೂಪ ಈ ಒಂದು ಮಧ್ಯಾಹ್ನದಲ್ಲೇ ಸಿಗುತ್ತದೆ.

ಅಳತೆ ಹೀಗೆ ಇಟ್ಟುಕೊಳ್ಳಬಹುದು. ಸೀರೆಯ ಅಗಲ ಸುಮಾರು 45 ಇಂಚು. ಒಬ್ಬೊಬ್ಬರಿಗೆ 15 ಇಂಚಿನ ಒಂದು ಚೌಕ ಕೊಟ್ಟರೆ ಅಗಲಕ್ಕೆ 3, ಉದ್ದಕ್ಕೆ 5, ಒಟ್ಟು 15 ಚೌಕ. ಮುಗಿದಾಗ 45 ಇಂಚು ಅಗಲ, 75 ಇಂಚು ಉದ್ದ. ಒಬ್ಬರು ಹೊದ್ದು ಮಲಗುವಷ್ಟು. ಕತ್ತರಿಸುವಾಗ ಚೌಕಕ್ಕೆ 16 ಇಂಚು ಇಡಿ, ನಾಲ್ಕೂ ಕಡೆ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ಐದೂವರೆ ಮೀಟರಿನ ಒಂದು ಹಳೆ ಕಾಟನ್ ಸೀರೆಯಲ್ಲಿ 75 ಇಂಚಿನ ಎರಡು ಪದರ ಸಿಗುತ್ತದೆ, ಉಳಿದಿದ್ದು ತೇಪೆಗೆ. ಎರಡು ಸೀರೆ ಇದ್ದರೆ ಒಳಗೆ ನಾಲ್ಕು ಪದರ. ಬೆಂಗಳೂರಿನ ಚಳಿಗೆ ಸಾಕು.

ಚೌಕ ಚಿಕ್ಕದಾದ್ದರಿಂದ ಮಡಿಲಲ್ಲಿ ಇಟ್ಟುಕೊಂಡು ಹೊಲಿಯಬಹುದು, ಶೆಡ್ಡಿನಲ್ಲಿ ಜಾಗ ಬೇಡ, ಒಬ್ಬರು ಊರಿಗೆ ಹೋದರೆ ಅವರ ಚೌಕವನ್ನೂ ತೆಗೆದುಕೊಂಡು ಹೋಗಬಹುದು. ಆದರೆ ಚೌಕ ಮಾಡಿ ಜೋಡಿಸುವುದು ಅವರ ರೂಢಿಯಲ್ಲ. ಸಾಮಾನ್ಯವಾಗಿ ಅವರು ಪದರಗಳನ್ನು ಹಾಸಿ, ಮೇಲೆ ನೇರವಾಗಿ ತೇಪೆ ಇಟ್ಟು, ಎಲ್ಲ ಪದರಕ್ಕೂ ಸೇರಿಸಿ ಹೊಲಿಯುತ್ತಾ ಹೋಗುತ್ತಾರೆ. ನಾಲ್ಕೈದು ಜನ ಸುತ್ತ ಕೂತು ಒಂದೇ ಕೌದಿಗೆ ಕೈ ಹಾಕುತ್ತಾರೆ. ಹಾಗೆ ಮಾಡಿದರೆ ಮಾತು ಚೆನ್ನಾಗಿ ಹರಿಯುತ್ತದೆ, ಹಾಡೂ ಬರುತ್ತದೆ. 'ನಮ್ಮ ಕಡಿ ಹಿಂಗ ಮಾಡ್ತೀವ್ರಿ' ಅಂದರೆ ನಿಮ್ಮ ಚೌಕದ ನಕ್ಷೆಯನ್ನು ಮಡಚಿ ಚೀಲಕ್ಕೆ ಹಾಕಿ. ಎರಡು ಕೌದಿ ಇದೆಯಲ್ಲ, ಒಂದು ಚೌಕದ್ದು, ಒಂದು ಅವರ ರೀತಿಯದ್ದು ಆಗಲಿ.

ಕೆಲವು ಸಣ್ಣ ವಿಷಯಗಳು. ಹೊಸ ಬಟ್ಟೆ ಬಳಸುವುದಾದರೆ ಮೊದಲೇ ಒಗೆದು ಒಣಗಿಸಿ, ಇಲ್ಲದಿದ್ದರೆ ಬಣ್ಣ ಬಿಟ್ಟು ಎಲ್ಲ ಹಾಳು. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಮೇಲಿನ ತೇಪೆಗೆ ಇರಲಿ, ಒಳ ಪದರಕ್ಕೆ ಬೇಡ. ಪದರಗಳನ್ನು ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆಯಲ್ಲಿ ಹಿಡಿದುಕೊಳ್ಳಿ. ದಪ್ಪ ಕಾಟನ್ ದಾರ, ಉದ್ದನೆಯ ಸೂಜಿ. ದಾರಕ್ಕೆ ಮೇಣದ ಬತ್ತಿ ಉಜ್ಜಿದರೆ ಗಂಟಾಗುವುದಿಲ್ಲ. ಬೆರಳ ಟೋಪಿ ಎಲ್ಲರಿಗೂ ಕೊಡಿ, ಸಿಮೆಂಟಿನಿಂದ ಒಡೆದ ಬೆರಳಿಗೆ ಸೂಜಿ ಚುಚ್ಚಿದರೆ ಮರುದಿನದ ಕೆಲಸ ಕೆಡುತ್ತದೆ. ದೃಷ್ಟಿ ಮಂಜಾದವರಿಗೆ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಮಕ್ಕಳದ್ದು, ನಿಮ್ಮದು.

ಚೌಕದಲ್ಲಿ ಏನು ಹೊಲಿಯಬೇಕು? ಹೇಳಬೇಡಿ. ಯಾರೂ ಶುರು ಮಾಡದಿದ್ದರೆ ಮಾತ್ರ ಒಂದು ಎಳೆ ಕೊಡಿ: ಮನೆಯಿಂದ ಇಲ್ಲಿಯವರೆಗಿನ ದಾರಿ, ಅಥವಾ ಬೀಗ ಹಾಕಿದ ಬಾಗಿಲು. ಕೆಲವರು ದಾರಿ ಹೊಲಿಯದೆ ಹೂವು ಹೊಲಿಯುತ್ತಾರೆ. ಹೂವೇ ಇರಲಿ. ಅವರ ತುಂಡಿನಲ್ಲಿ ವಲಸೆ ಕಾಣಲೇಬೇಕೆಂದು ಕಾಯುವುದು ನಿಮ್ಮ ಹಟ. ಗುಳೆ ಬಂದ ಹೆಂಗಸಿಗೆ ಹೂವಿನ ಮೇಲೆ ಆಸೆ ಇರುವುದೂ ಅವಳ ಗುರುತೇ.

ಗಂಡಸರು, ಮಕ್ಕಳು

ಗಂಡಸರು ದೂರ ನಿಂತು ನೋಡುತ್ತಾರೆ. ಅವರನ್ನೂ ಸೇರಿಸಿ. ಅಳತೆ ಹಿಡಿಯುವುದು, ನೇರ ಗೆರೆ ಎಳೆಯುವುದು ಗಾರೆ ಕೆಲಸದವರಿಗೆ ನೀರು ಕುಡಿದಷ್ಟು ಸುಲಭ. ಕೌದಿ ನೇತುಹಾಕಲು ಬೇಕಾದ ಚೌಕಟ್ಟನ್ನು ಸೆಂಟ್ರಿಂಗ್ ಕೆಲಸದವರೇ ಮಾಡಲಿ, ಅದಕ್ಕೂ ಕೂಲಿ ಇರಲಿ. ಭಜನೆ ಪದ, ಮೊಹರಂನ ರಿವಾಯತ್ ಪದ ಹಾಡುವವರು ಶೆಡ್ಡಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರು ಒಪ್ಪಿದರೆ ಮೊಬೈಲಿನಲ್ಲೇ ದನಿ ಹಿಡಿಯಿರಿ, ಕಾಂಕ್ರೀಟ್ ಮಿಕ್ಸರ್ ನಿಂತ ಹೊತ್ತು ನೋಡಿ.

ಮಕ್ಕಳಿಗೆ ಕತ್ತರಿ ಬೇಡ. ಬಟ್ಟೆಯನ್ನು ಬಣ್ಣದ ಪ್ರಕಾರ ಜೋಡಿಸಲು ಕೊಡಿ.

ತೋರಿಸುವುದು

ಮೊದಲ ಪ್ರದರ್ಶನ ಶೆಡ್ಡಿನಲ್ಲೇ ಆಗಬೇಕು. ಒಂದು ಹಗ್ಗ ಕಟ್ಟಿ, ಭಾನುವಾರ ಸಂಜೆ, ಎಲ್ಲರಿಗೂ ಊಟ ಹಾಕಿ. ಏನನ್ನು ತೆಗೆಯಬೇಕು ಅನ್ನಿಸುತ್ತದೋ ಅವರು ಅಲ್ಲೇ ಹೇಳಲಿ. ಯಾವುದೋ ಚೌಕ ನೋಡಿ ಮನೆಯವರಿಗೆ ಬೇಜಾರಾಗಬಹುದು, ಯಾರದೋ ಸಾಲದ ಮಾತು ಹೊರಬಿದ್ದಿರಬಹುದು. ಬಿಚ್ಚಿ ಮತ್ತೆ ಹೊಲಿಯಲು ಒಂದು ವಾರ ಉಳಿಸಿಕೊಂಡಿರಿ.

ಎರಡನೆಯದು, ಸಾಧ್ಯವಾದರೆ, ಅವರ ಊರಲ್ಲಿ. ಜಾತ್ರೆಯ ಹೊತ್ತಿಗೆ ಗುಡಿಯ ಕಟ್ಟೆ ಮೇಲೆ, ಶಾಲೆಯ ಗೋಡೆ ಮೇಲೆ. ಊರಲ್ಲಿ ಉಳಿದ ಮುದುಕರು, ಅಲ್ಲೇ ಬಿಟ್ಟು ಬಂದ ಮಕ್ಕಳು ಇದನ್ನು ನೋಡುವುದು ಎಷ್ಟು ದೊಡ್ಡದು ಎಂದು ಯೋಚಿಸಿ. ಪ್ರಯಾಣದ ಖರ್ಚು ಮೊದಲೇ ಬಜೆಟ್ಟಿನಲ್ಲಿ ಹಾಕಿಕೊಳ್ಳಿ.

ಆ ಅಪಾರ್ಟ್‌ಮೆಂಟ್ ಕೊಂಡವರಿಗೂ ತೋರಿಸಬೇಕು ಎಂಬುದು ನನ್ನ ಆಸೆ. ಕ್ಲಬ್‌ಹೌಸಿನಲ್ಲಿ ಒಂದು ದಿನ. ಶೆಡ್ಡಿನವರಿಗೆ ಬೇಕಿದ್ದರೆ ಮಾತ್ರ, ಮತ್ತು ಅವರು ಮುಂಬಾಗಿಲಿನಿಂದಲೇ ಒಳಗೆ ಬರುವುದಾದರೆ ಮಾತ್ರ.

ಗ್ಯಾಲರಿ ಕೊನೆಗೆ. ಅಲ್ಲಿ ಹಾಕುವ ಬರಹ ಕನ್ನಡದಲ್ಲಿ ಮೊದಲು ಇರಲಿ. ಒಪ್ಪಿದವರ ಹೆಸರು, ಅವರು ಒಪ್ಪಿದ ಹಾಗೆ, ಕಲಾವಿದರು ಎಂಬ ಸಾಲಿನಲ್ಲೇ ಬರಲಿ. ಮೇಲೆ ನಿಮ್ಮ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ 'ಕಾರ್ಮಿಕ ಮಹಿಳೆಯರ ಸಹಕಾರದೊಂದಿಗೆ' ಎಂದು ಹಾಕಬೇಡಿ. ಉದ್ಘಾಟನೆಗೆ ಅವರನ್ನು ಕರೆದರೆ ಆ ದಿನದ ಪೂರ್ತಿ ಕೂಲಿ ಮತ್ತು ಗಾಡಿ ವ್ಯವಸ್ಥೆ ಮಾಡಿ. ವೇದಿಕೆ ಮೇಲೆ ಮಾತಾಡಲೇಬೇಕೆಂಬ ಒತ್ತಾಯ ಬೇಡ.

ಗೋವಾ, ಪುಣೆ, ಮುಂಬೈಯಲ್ಲಿರುವ ಕನ್ನಡ ಸಂಘದವರು ಅಲ್ಲಿನ ಗುಳೆ ಕೇರಿಗಳಲ್ಲಿ ಈ ಕೆಲಸ ಮಾಡಬಹುದು. ಅಲ್ಲಿ ಒಂದು ಕಷ್ಟ ಜಾಸ್ತಿ: ಕನ್ನಡ ಬರುವ ಸಂಘದ ಸದಸ್ಯರಿಗೂ ಕೇರಿಯವರಿಗೂ ನಡುವೆ ಇರುವ ಅಂತರ. ಭಾಷೆ ಒಂದೇ ಎಂಬ ಭರವಸೆಯಲ್ಲಿ ಆ ಅಂತರ ಮರೆಯಬೇಡಿ.

ಮುಗಿದ ಮೇಲೆ

ಬಿಲ್ಡಿಂಗ್ ಮುಗಿದರೆ ಶೆಡ್ಡು ಕಿತ್ತು ಜನ ಬೇರೆ ಸೈಟಿಗೆ ಹೋಗುತ್ತಾರೆ. ಕೆಲವರು ಊರಿಗೆ. ಮೊಬೈಲ್ ನಂಬರೂ ಬದಲಾಗುತ್ತದೆ. ಆದ್ದರಿಂದ ಕೊನೆಯ ಭಾನುವಾರವೇ ಊರಿನಲ್ಲಿರುವ ಒಬ್ಬ ನೆಂಟರ ನಂಬರ್ ಬರೆದುಕೊಳ್ಳಿ, ನಿಮ್ಮ ನಂಬರನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಿ. ಎಲ್ಲರ ಚೌಕದ ಫೋಟೊವನ್ನೂ ಪ್ರಿಂಟ್ ಹಾಕಿಸಿ ಕೊಡಿ, ಮೊಬೈಲ್ ಕಳೆದರೂ ಅದು ಉಳಿಯುತ್ತದೆ.

ಕೌದಿ ಮಾರಾಟವಾದರೆ ಹಂಚಿಕೆಯ ಲೆಕ್ಕವನ್ನು ಬರೆದಿಟ್ಟು, ದುಡ್ಡು ಕಳಿಸಿದ ರಸೀದಿ ಎಲ್ಲರಿಗೂ ತೋರಿಸಿ. ಸಿಗದವರ ಪಾಲನ್ನು ಬೇರೆ ಇಡಿ, ಬೇರೆ ಯಾವುದಕ್ಕೂ ಬಳಸಬೇಡಿ. ನೀವು ಬಹುಮಾನವೋ ಫೆಲೋಶಿಪ್ಪೋ ಪಡೆದರೆ ಫೋನ್ ಮಾಡಿ ಹೇಳಿ, ಅದರಲ್ಲಿ ಅವರ ಪಾಲು ಎಷ್ಟು ಎಂಬುದನ್ನೂ ಹೇಳಿ.

ವರ್ಷಕ್ಕೊಮ್ಮೆ, ಯುಗಾದಿ ಹೊತ್ತಿಗೆ ಫೋನ್ ಮಾಡಿ, ಊರಲ್ಲೇ ಸಿಗುತ್ತಾರೆ. ಫೋಟೊ ಇನ್ನೂ ಇರಬಹುದಾ, ಹೆಸರು ಇನ್ನೂ ಇರಬಹುದಾ ಎಂದು ಮತ್ತೆ ಕೇಳಿ. ಮಗಳ ಮದುವೆ ಗೊತ್ತಾಗಿದೆ, ಆ ಫೋಟೊ ಬೇಡ ಅಂದರೆ ಅವತ್ತೇ ತೆಗೆಯಿರಿ, ಕ್ಯಾಟಲಾಗಿನ ಮುಂದಿನ ಮುದ್ರಣದಿಂದಲೂ ತೆಗೆಸಿ.